ಗೊನೆಯ ತುದಿಗೆ ಕಟ್ಟುವ ಸಗಣಿ ಚೀಲ

ಚನ್ನರಾಯಪಟ್ಟಣದ ಏಲಕ್ಕಿ ಬಾಳೆ ತೋಟವಿರಲಿ, ತರೀಕೆರೆ ಕಡೆ ಅಡಿಕೆ ಸಾಲಿನ ನಡುವಿನ ಬಾಳೆಯಿರಲಿ, ಗೊನೆ ಬಿಟ್ಟ ಮೇಲೆ ಆರೈಕೆ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಕೊನೆಯ ಚಿಪ್ಪುಗಳ ಕಾಯಿ ಸೊರಗುವುದು ಆಗಲೇ. ಆ ಹೊತ್ತಿನಲ್ಲಿ ಬುಡಕ್ಕೆ ಹಾಕಿದ ಗೊಬ್ಬರದಲ್ಲಿ ಮರಿಕಂದುಗಳೂ ಪಾಲು ತೆಗೆದುಕೊಳ್ಳುತ್ತವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ತೋರಿಸಿದ ದಾರಿ ಬೇರೆ: ಮೋತೆ (ಗೊನೆಯ ತುದಿಯ ಹೂಮೊಗ್ಗು) ಕತ್ತರಿಸಿದ ದಂಟಿನ ತುದಿಯಿಂದಲೇ ಗೊನೆಗೆ ಪೋಷಕಾಂಶ ಕೊಡುವುದು.

ಒಂದು ಗೊನೆಗೆ ಅರ್ಧ ಕಿಲೋ ಹಸಿ ಸಗಣಿ, 7.5 ಗ್ರಾಂ ಯೂರಿಯಾ, 7.5 ಗ್ರಾಂ ಸಲ್ಫೇಟ್ ಆಫ್ ಪೊಟ್ಯಾಷ್, 100 ಮಿ.ಲೀ. ನೀರು. ತೋಟದಲ್ಲಿ ನಿಂತು ಏಳೂವರೆ ಗ್ರಾಂ ತೂಗುವುದು ಆಗದ ಮಾತು. ಹತ್ತು ಗೊನೆಗೆ ಒಟ್ಟಿಗೆ ಕಲಸಿಕೊಳ್ಳಿ. ಒಂದು ಲೀಟರ್ ನೀರಿಗೆ ಮೊದಲು 75 ಗ್ರಾಂ ಪೊಟ್ಯಾಷ್ ಹಾಕಿ ಪೂರ್ತಿ ಕರಗುವವರೆಗೆ ಕಲಕಿ, ಆಮೇಲೆ 75 ಗ್ರಾಂ ಯೂರಿಯಾ. ಯೂರಿಯಾ ಮೊದಲು ಹಾಕಿದರೆ ಅದು ಕರಗುವಾಗ ನೀರು ತಣ್ಣಗಾಗುತ್ತದೆ, ಪೊಟ್ಯಾಷ್ ಕರಗುವುದು ಇನ್ನೂ ತಡವಾಗುತ್ತದೆ. ಈ ನೀರನ್ನು 5 ಕಿಲೋ ಸಗಣಿಗೆ ಕಲಸಿ ಹತ್ತು ಪಾಲು ಮಾಡಿ, ಒಂದೊಂದು ಪಾಲನ್ನು ಒಂದೊಂದು ಚೀಲಕ್ಕೆ ತುಂಬಿ. ಅಂಗಡಿಯಲ್ಲಿ ಬರೀ ಪೊಟ್ಯಾಷ್ ಎಂದು ಕೇಳಿದರೆ ಕೆಂಪು ಎಂ.ಓ.ಪಿ. (ಮ್ಯೂರಿಯೇಟ್ ಆಫ್ ಪೊಟ್ಯಾಷ್) ಕೊಟ್ಟುಬಿಡುತ್ತಾರೆ. ಅದು ಬೇಡ, ಅದರಲ್ಲಿ ಗಂಧಕವಿಲ್ಲ, ಕ್ಲೋರೈಡ್ ಇದೆ.

ಕೆಲಸ ಕೆಡುವುದು ಹೆಚ್ಚಾಗಿ ಕತ್ತಿಯಲ್ಲಿ. ಕಾಯಿಯಾಗುವ ಹೆಣ್ಣು ಚಿಪ್ಪುಗಳೆಲ್ಲ ಬಿಚ್ಚಿದ ಮೇಲೆ, ಕೊನೆಯ ಚಿಪ್ಪಿನಿಂದ ಸುಮಾರು ಒಂದು ಗೇಣು ದಂಟು ಉಳಿಸಿ ಓರೆಯಾಗಿ ಕತ್ತರಿಸಬೇಕು. ಪಲ್ಯಕ್ಕೆಂದು ಮೋತೆಯನ್ನು ಚಿಪ್ಪಿನ ಬುಡಕ್ಕೇ ಕೊಯ್ದರೆ ಸಗಣಿಯಲ್ಲಿ ಮುಳುಗಿಸಲು ದಂಟೇ ಇರುವುದಿಲ್ಲ. ಕತ್ತರಿಸಿದ ಕೂಡಲೇ ಚೀಲ ಕಟ್ಟಿ. ಬೆಳಿಗ್ಗೆ ಸಾಲೆಲ್ಲ ಕತ್ತರಿಸಿ ಮಧ್ಯಾಹ್ನ ಕಟ್ಟುತ್ತಾ ಹೋದರೆ ಸೊನೆ ಒಣಗಿ ತುದಿ ಮುಚ್ಚಿಕೊಂಡಿರುತ್ತದೆ. ಚೀಲ ದಪ್ಪ ಪ್ಲಾಸ್ಟಿಕ್ಕಿನದಾಗಿರಲಿ, ಕತ್ತರಿಸಿದ ತುದಿ ಸಗಣಿಯೊಳಗೆ ಹೂತಿರಲಿ, ಬಾಯಿಯನ್ನು ದಂಟಿಗೆ ಬಿಗಿಯಾಗಿ ಕಟ್ಟಿ. ಸಕಲೇಶಪುರ, ಮೂಡಿಗೆರೆಯ ಮಳೆಯಲ್ಲಿ ಸಡಿಲ ಬಾಯಿಯ ಚೀಲಕ್ಕೆ ನೀರಿಳಿದು ಸಗಣಿ ತೆಳ್ಳಗಾಗುತ್ತದೆ, ಭಾರಕ್ಕೆ ಜಾರಿ ಬೀಳುತ್ತದೆ. ಗೊನೆ ತೂಕ ಹಿಡಿಯುವ ಮೊದಲೇ ಊರುಗೋಲೂ ಕೊಡಿ.

ಬುಡದ ಗೊಬ್ಬರಕ್ಕೆ ಇದು ಬದಲಿಯಲ್ಲ. ಮಲೆನಾಡಿನ ಮಣ್ಣಿನಲ್ಲಿ ಪೊಟ್ಯಾಷ್ ಮಳೆಗೆ ತೊಳೆದುಹೋಗುತ್ತದೆ. ಮೊದಲ ತಿಂಗಳುಗಳಲ್ಲಿ ಹಸಿದ ಗಿಡ ಎಷ್ಟು ಚಿಪ್ಪು ಬಿಡಬೇಕೆಂದು ಆಗಲೇ ನಿರ್ಧಾರವಾಗಿರುತ್ತದೆ, ಚೀಲ ಕಟ್ಟಿದರೆ ಚಿಪ್ಪು ಹೆಚ್ಚುವುದಿಲ್ಲ. ಕಾಯಿ ತುಂಬಿಕೊಳ್ಳಲು ಮಾತ್ರ ನೆರವಾಗುತ್ತದೆ. ನಿಮ್ಮ ತೋಟಕ್ಕೆ ಲಾಭವಿದೆಯೇ ಎಂದು ನೋಡಲು ಒಂದೇ ವಾರದಲ್ಲಿ ಗೊನೆ ಬಿಟ್ಟ, ಚಿಪ್ಪಿನ ಸಂಖ್ಯೆ ಸಮವಿರುವ ಇಪ್ಪತ್ತು ಗಿಡ ಆರಿಸಿ. ಎಲ್ಲದರ ಮೋತೆ ತೆಗೆದು, ಹತ್ತಕ್ಕೆ ಮಾತ್ರ ಚೀಲ ಕಟ್ಟಿ, ಕೊಯ್ಲಿನಲ್ಲಿ ಎರಡನ್ನೂ ಬೇರೆ ಬೇರೆ ತೂಗಿ.