ಒಂದೇ ಹಕ್ಕಿಯನ್ನು ಎರಡು ಸಲ ಎಣಿಸೋದಿಲ್ವಾ?

ಪ್ರಶ್ನೆ: ವಲಸೆ ಹಕ್ಕಿಗಳನ್ನು ಎಣಿಸುವವರು ಒಂದೇ ಹಕ್ಕಿಯನ್ನು ಮತ್ತೆ ಮತ್ತೆ ಎಣಿಸೋದಿಲ್ಲ ಅಂತ ಏನು ಗ್ಯಾರಂಟಿ? ಕೊನೆಗೆ ಬರೆಯುವ ಸಂಖ್ಯೆ ಬರೀ ಅಂದಾಜು ಅಲ್ವಾ?

ವಲಸೆ ವೀಕ್ಷಣಾ ಕೇಂದ್ರದ ಅಟ್ಟಣೆಯ ಮೇಲೆ ಈ ಪ್ರಶ್ನೆ ದಿನಕ್ಕೆ ಹತ್ತು ಸಲ ಬರುತ್ತದೆ. ನಾನು ಅಲ್ಲಿ ಸೀಸನ್ನಿಗೆ ಸೇರಿಕೊಂಡ ನ್ಯಾಚುರಲಿಸ್ಟ್. ಬಂದವರಿಗೆ ಹಕ್ಕಿ ತೋರಿಸಿ ವಿವರಿಸುವುದು ನನ್ನ ಕೆಲಸ. ಉತ್ತರ ಬಾಯಿಪಾಠ ಆಗಿದೆ. ಆದರೆ ಹೇಳಲು ಶುರುಮಾಡಿದ ಅರ್ಧಕ್ಕೇ ಒಂದು ಗಿಡುಗ ಬಂದು ಎಲ್ಲರ ಕತ್ತೂ ಮೇಲೆ ತಿರುಗುತ್ತದೆ. ಅದಕ್ಕೇ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ಚಿಕ್ಕ ಉತ್ತರ ಇದು. ಒಂದೇ ಹಕ್ಕಿ ಎರಡು ಸಲ ಲೆಕ್ಕಕ್ಕೆ ಬರುವುದು ಅಪರೂಪ. ಲೆಕ್ಕಕ್ಕೇ ಬರದೆ ಹೋಗುವ ಹಕ್ಕಿಗಳೇ ಜಾಸ್ತಿ.

ಈಗ ದೊಡ್ಡ ಉತ್ತರ. ಎಣಿಕೆ ನಡೆಯುವ ಜಾಗಗಳನ್ನು ಸುಮ್ನೆ ಆರಿಸಿರುವುದಿಲ್ಲ. ಅಮೆರಿಕದ ಕೇಪ್ ಮೇ ಸಮುದ್ರಕ್ಕೆ ಚಾಚಿದ ಒಂದು ಮೂತಿ. ಸ್ವೀಡನ್ನಿನ ಫಾಲ್‌ಸ್ಟರ್ಬೊ ಕೂಡ ಹಾಗೇ. ಜಾರ್ಜಿಯಾ ದೇಶದ ಬತುಮಿಯಲ್ಲಿ ಒಂದು ಕಡೆ ಕಪ್ಪು ಸಮುದ್ರ, ಇನ್ನೊಂದು ಕಡೆ ಬೆಟ್ಟ. ಅಗಲವಾಗಿ ಹರಡಿ ಬಂದ ಹಕ್ಕಿಗಳು ಇಂಥ ಕಡೆ ಒಂದು ಕಿರಿದಾದ ದಾರಿಗೆ ಬಂದು ಸೇರುತ್ತವೆ. ದಾರಿ ಒಂದೇ, ದಿಕ್ಕೂ ಒಂದೇ. ಎಣಿಸುವವರು ಮನಸ್ಸಿನಲ್ಲೇ ಆಕಾಶಕ್ಕೆ ಅಡ್ಡಲಾಗಿ ಒಂದು ಗೆರೆ ಎಳೆದುಕೊಳ್ಳುತ್ತಾರೆ. ಹಕ್ಕಿ ಆ ಗೆರೆ ದಾಟಿದಾಗ ಮಾತ್ರ ಕೈಯಲ್ಲಿರುವ ಎಣಿಕೆ ಗುಂಡಿಯ ಮೇಲೆ ಒಂದು ಕ್ಲಿಕ್. ದಾಟಿ ವಾಪಸ್ ಬಂದರೆ ಏನು ಮಾಡಬೇಕು ಎನ್ನುವುದಕ್ಕೂ ಕೇಂದ್ರದಲ್ಲಿ ನಿಯಮ ಇರುತ್ತದೆ. ಸಾಮಾನ್ಯವಾಗಿ ಅದನ್ನು ಲೆಕ್ಕದಿಂದ ಕಳೆಯುತ್ತಾರೆ.

"ಆದ್ರೆ ಅವು ಅಲ್ಲೇ ಗಿರಗಿರ ಸುತ್ತುತ್ತಾ ಇವೆಯಲ್ಲ?" ಇದು ಮುಂದಿನ ಪ್ರಶ್ನೆ, ತಪ್ಪದೇ ಬರುತ್ತದೆ. ನಿಜ, ಸುತ್ತುತ್ತವೆ. ಬಿಸಿಲಿಗೆ ಕಾದ ನೆಲದಿಂದ ಬಿಸಿಗಾಳಿ ಏಳುತ್ತದೆ. ಅದರೊಳಗೆ ನೂರಾರು ಗಿಡುಗಗಳು ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲೇರುತ್ತವೆ. ಆ ಗುಂಪನ್ನು ಯಾರಿಂದಲೂ ಸರಿಯಾಗಿ ಎಣಿಸಲು ಆಗುವುದಿಲ್ಲ. ಅದಕ್ಕೇ ಎಣಿಸುವವರು ಆಗ ಎಣಿಸುವುದೇ ಇಲ್ಲ, ಕಾಯುತ್ತಾರೆ. ಮೇಲೆ ತಲುಪಿದ ಹಕ್ಕಿ ರೆಕ್ಕೆ ಚಾಚಿ ಮುಂದಿನ ಬಿಸಿಗಾಳಿಯ ಕಡೆ ಜಾರುತ್ತದೆ. ಅದರ ಹಿಂದೆ ಇನ್ನೊಂದು, ಮತ್ತೊಂದು. ಗೊಂದಲದ ಗುಂಪು ಈಗ ದಾರಕ್ಕೆ ಪೋಣಿಸಿದ ಮಣಿಗಳ ಸಾಲು. ಎಣಿಕೆ ನಡೆಯುವುದು ಆ ಸಾಲಿನಲ್ಲಿ. ತೀರಾ ದಟ್ಟವಾಗಿದ್ದರೆ ಹತ್ತು ಹತ್ತಾಗಿ. 2003ರ ಸೆಪ್ಟೆಂಬರ್ 15ರಂದು ಅಮೆರಿಕದ ಡುಲೂತ್ ಊರಿನ ಹಾಕ್ ರಿಡ್ಜ್ ಗುಡ್ಡದ ಮೇಲೆ ಬ್ರಾಡ್‌ವಿಂಗ್ಡ್ ಹಾಕ್ ಎಂಬ ಗಿಡುಗಗಳ ಸಂಖ್ಯೆ ಒಂದೇ ದಿನ ಒಂದು ಲಕ್ಷ ದಾಟಿತು. ಅಷ್ಟನ್ನು ಎಣಿಸಲು ಇಂಥ ಪಳಗಿದ ಕ್ರಮ ಇಲ್ಲದೆ ಆಗುವುದಿಲ್ಲ.

ವಲಸೆ ಹೋಗದೆ ಅಲ್ಲೇ ವಾಸ ಮಾಡುವ ರಣಹದ್ದು, ಗಿಡುಗಗಳು ಸ್ವಲ್ಪ ಕಷ್ಟ ಕೊಡುತ್ತವೆ. ಅವು ಎಣಿಸುವವರಿಗೆ ಅಕ್ಕಪಕ್ಕದ ಮನೆಯವರಿದ್ದ ಹಾಗೆ. ಎಡರೆಕ್ಕೆಯಲ್ಲಿ ಎರಡು ಗರಿ ಇಲ್ಲದ್ದು ಇದು, ಬಾಲ ಮುರಿದದ್ದು ಅದು. ಬೆಳಗಿನಿಂದ ಸಂಜೆವರೆಗೆ ನೋಡಿ ನೋಡಿ ಗುರುತು ಹತ್ತಿರುತ್ತದೆ.

ತಪ್ಪೇ ಆಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಆಗುತ್ತದೆ, ಆದರೆ ಹೆಚ್ಚಾಗಿ ನೀವು ಹೆದರುವ ದಿಕ್ಕಿಗೆ ಅಲ್ಲ. ಮೋಡವೇ ಇಲ್ಲದ ಅಚ್ಚ ನೀಲಿ ಆಕಾಶ ನಿಮಗೆ ಚಂದ, ನಮಗೆ ತಲೆನೋವು. ಎತ್ತರದಲ್ಲಿ ಹೋಗುವ ಹಕ್ಕಿ ಆ ನೀಲಿಯಲ್ಲಿ ಕರಗಿಹೋಗುತ್ತದೆ. ಬಿಳಿ ಮೋಡ ಇದ್ದರೆ ಅದೇ ಹಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಹೀಗೆ ತಪ್ಪಿಸಿಕೊಂಡು ಹೋದವು ಎಷ್ಟೋ.

ಹಾಗಾದರೆ ಆ ಸಂಖ್ಯೆಗೆ ಏನು ಬೆಲೆ? ಇಲ್ಲೇ ಎಲ್ಲರೂ ಎಡವುತ್ತಾರೆ. ಇದು ಹಕ್ಕಿಗಳ ಜನಗಣತಿ ಅಲ್ಲ. ಪ್ರಪಂಚದಲ್ಲಿ ಇಂಥ ಹಕ್ಕಿ ಇಷ್ಟೇ ಇವೆ ಅಂತ ಹೇಳಲು ಯಾರೂ ಇಲ್ಲಿ ಕೂತಿಲ್ಲ. ಅದೇ ಜಾಗ, ಅದೇ ತಿಂಗಳು, ಅದೇ ವಿಧಾನ, ವರ್ಷ ವರ್ಷವೂ. ಫಾಲ್‌ಸ್ಟರ್ಬೊದಲ್ಲಿ 1973ರಿಂದ ಇದೇ ಶಿಸ್ತಿನ ಎಣಿಕೆ ನಡೆದಿದೆ. ಎಷ್ಟು ಗಂಟೆ ನೋಡಿದೆವು, ಗಾಳಿ ಯಾವ ಕಡೆಯಿಂದ, ಮೋಡ ಎಷ್ಟು ಅನ್ನುವುದೂ ಹಕ್ಕಿಯ ಸಂಖ್ಯೆಯ ಪಕ್ಕದಲ್ಲೇ ದಾಖಲಾಗುತ್ತದೆ. ಹಕ್ಕಿ ಬಾರದ ಗಂಟೆಗೆ ಸೊನ್ನೆ ಬರೆಯಲೇಬೇಕು, ಖಾಲಿ ಬಿಡುವ ಹಾಗಿಲ್ಲ. ತಪ್ಪುಗಳು ಪ್ರತಿ ವರ್ಷವೂ ಹೆಚ್ಚುಕಡಿಮೆ ಒಂದೇ ಥರ ಇದ್ದರೆ ಏರಿಳಿತ ಕಂಡೇ ಕಾಣುತ್ತದೆ.

ಉದಾಹರಣೆ ಬೇಕೇ? ಅಮೆರಿಕದ ಪೆನ್ಸಿಲ್ವೇನಿಯಾದ ಹಾಕ್ ಮೌಂಟನ್ ಬೆಟ್ಟದ ಮೇಲೆ ಒಂದು ಕಾಲಕ್ಕೆ ಜನ ಗುಂಪುಗಟ್ಟಿ ಗಿಡುಗಗಳನ್ನು ಹೊಡೆದು ಉರುಳಿಸುತ್ತಿದ್ದರು. 1934ರಲ್ಲಿ ರೋಸಲಿ ಎಡ್ಜ್ ಎಂಬ ಹೆಣ್ಣುಮಗಳು ಆ ಬೆಟ್ಟವನ್ನು ಗುತ್ತಿಗೆಗೆ ಹಿಡಿದು ಬಂದೂಕು ನಿಲ್ಲಿಸಿದರು. ಕಾವಲಿಗೆ ಬಂದ ಮಾರಿಸ್ ಬ್ರೌನ್ ಹಕ್ಕಿ ಎಣಿಸಲು ಶುರುಮಾಡಿದರು. ಮುಂದೆ ಹದ್ದುಗಳ ಸಂತತಿಗೇ ಕುತ್ತು ತಂದ ಡಿಡಿಟಿ ಎಂಬ ರಾಸಾಯನಿಕ ಕೀಟ ಕೊಲ್ಲುತ್ತದೆ ಅಂತ ಗೊತ್ತಾಗಿದ್ದೇ 1939ರಲ್ಲಿ, ಅಂದರೆ ಅವರು ಅದಕ್ಕಾಗಿ ಎಣಿಸಿದ್ದಲ್ಲ. ಬಿಳಿತಲೆ ಹದ್ದಿನ ಎಳೆಯ ಹಕ್ಕಿಗೆ ಬಿಳಿ ತಲೆ ಇರುವುದಿಲ್ಲ, ಮೈಯೆಲ್ಲಾ ಕಂದು. ಹಾಗಾಗಿ ಎಳೆಯವನ್ನೂ ಬಲಿತವನ್ನೂ ಬೇರೆ ಬೇರೆ ಬರೆದಿಟ್ಟಿದ್ದರು. 1935ರಿಂದ 1939ರವರೆಗೆ ಕಂಡ ಈ ಹದ್ದುಗಳಲ್ಲಿ ನೂರಕ್ಕೆ 40 ಎಳೆಯವು. 1955ರಿಂದ 1959ರ ಹೊತ್ತಿಗೆ ನೂರಕ್ಕೆ 20. ದೊಡ್ಡವು ಹಾರುತ್ತಿವೆ, ಮರಿಗಳು ಬರುತ್ತಿಲ್ಲ. 1962ರಲ್ಲಿ ಅಮೆರಿಕದ ವಿಜ್ಞಾನ ಲೇಖಕಿ ರೇಚಲ್ ಕಾರ್ಸನ್ ಡಿಡಿಟಿಯ ವಿರುದ್ಧ ಬರೆದಾಗ ಈ ಲೆಕ್ಕವನ್ನೂ ಮುಂದಿಟ್ಟರು. 1972ರಲ್ಲಿ ಅಮೆರಿಕ ಅದನ್ನು ನಿಷೇಧಿಸಿತು. ಈಗ ನಿಮ್ಮ ಪ್ರಶ್ನೆಯನ್ನೇ ಇಲ್ಲಿಟ್ಟು ನೋಡಿ. ಬ್ರೌನ್ ಕೆಲವು ಹದ್ದುಗಳನ್ನು ಎರಡು ಸಲ ಎಣಿಸಿದ್ದರು ಅಂತಲೇ ಇಟ್ಟುಕೊಳ್ಳೋಣ. ಹಾಗೆ ಎಣಿಸಿದ್ದರೆ ಎಳೆಯದನ್ನೂ ಎಣಿಸಿರುತ್ತಾರೆ, ಬಲಿತದ್ದನ್ನೂ ಎಣಿಸಿರುತ್ತಾರೆ. ಅಷ್ಟರಿಂದ 40 ಇದ್ದದ್ದು 20 ಆಗುತ್ತದಾ?

ಇದನ್ನು ಹೇಳುವಾಗ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಇನ್ನೊಂದು ಮಾತು, ಯಾರೂ ಸರಿಯಾಗಿ ಕೇಳದಿದ್ದರೂ ಹೇಳಿಬಿಡುತ್ತೇನೆ. ಎಣಿಸುವವರು ಯಾಕೆ ಮುಖ ಕೊಟ್ಟು ಮಾತಾಡುವುದಿಲ್ಲ? ಜಂಬ ಅಲ್ಲ. ನಿಮ್ಮ ಕಡೆ ತಿರುಗಿ ಒಂದು ವಾಕ್ಯ ಮುಗಿಸುವಷ್ಟರಲ್ಲಿ ಪೆರೆಗ್ರಿನ್ ಎಂಬ ಬಿರುಸಿನ ಬೇಟೆಹಕ್ಕಿ ಒಂದು ದಾಟಿ ಹೋಗಿರುತ್ತದೆ. ಅವರು ದಿನವಿಡೀ ಗಾಳಿಗೆ ಎದುರಾಗಿ, ಕಣ್ಣಿಗೆ ಬೈನಾಕ್ಯುಲರ್ ಒತ್ತಿಕೊಂಡು ನಿಂತಿರುತ್ತಾರೆ. ನ್ಯಾಚುರಲಿಸ್ಟ್ ಇರುವುದೇ ಅವರಿಗೂ ನಿಮಗೂ ನಡುವೆ ನಿಲ್ಲಲು. ಎಷ್ಟು ಬಂತು, ಯಾವುದು ಬಂತು, ಶೌಚಾಲಯ ಎಲ್ಲಿದೆ, ಎಲ್ಲವನ್ನೂ ನನ್ನನ್ನೇ ಕೇಳಿ.

ಹಕ್ಕಿ ತೋರಿಸುವುದೂ ಒಂದು ವಿದ್ಯೆ, ನಾನು ಕಲಿಯಲು ಇಡೀ ಸೀಸನ್ ಬೇಕಾಯಿತು. "ಅಗೋ ಅಲ್ಲಿ" ಅಂತ ಬೆರಳು ತೋರಿಸಿದರೆ ಯಾರಿಗೂ ಏನೂ ಕಾಣುವುದಿಲ್ಲ. ನನ್ನ ಬೆರಳಿನ ತುದಿ ನಿಮ್ಮ ಕಣ್ಣಿಗೆ ಬೇರೆಯೇ ಜಾಗಕ್ಕೆ ಗುರಿ ಇಟ್ಟಿರುತ್ತದೆ. ಮೊದಲು ಒಂದು ಮರ ಅಥವಾ ಮೋಡ ಹಿಡಿದುಕೊಳ್ಳಬೇಕು. "ಆನೆ ಆಕಾರದ ಮೋಡ ಕಾಣ್ತಾ? ಸೊಂಡಿಲಿನ ಕೆಳಗೆ, ಬಲಕ್ಕೆ ಹೋಗ್ತಾ ಇದೆ." ಬರುವವರು ದಯವಿಟ್ಟು ಹೀಗೇ ಹೇಳಿ, ಅದೂ ನನಗೆ ಹೇಳಿ. ನೀವು ಕಂಡು ಎಣಿಸುವವರು ಕಾಣದ ಹಕ್ಕಿಯನ್ನು ಲೆಕ್ಕಕ್ಕೆ ಸೇರಿಸದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಭಾನುವಾರ ಐವತ್ತು ಜೋಡಿ ಕಣ್ಣು, ಸೋಮವಾರ ಒಂದೇ ಜೋಡಿ. ಎಲ್ಲರದ್ದನ್ನೂ ಸೇರಿಸುತ್ತಾ ಹೋದರೆ ಲೆಕ್ಕದ ಪ್ರಕಾರ ಹಕ್ಕಿಗಳು ಭಾನುವಾರವೇ ಜಾಸ್ತಿ ಹಾರುತ್ತವೆ ಅಂತಾಗುತ್ತದೆ.