ನೀರಿಗಿಳಿದ ಶುರು, ನೇಗಿಲು ಹಿಡಿದ ಆರಂಭ

ರೋಹಿಣಿ ಮಳೆ ಬಿದ್ದು ಎರಿ ಹೊಲ ಹದಕ್ಕೆ ಬಂತೆಂದರೆ ಕುಂದಗೋಳ, ನವಲಗುಂದದ ಕಡೆ ಎದುರಾದವರೆಲ್ಲ ಕೇಳುವುದು ಒಂದೇ: ‘ಬಿತ್ತಿಗಿ ಶುರು ಆತೇನ್ರಿ?’ ಪ್ರಾರಂಭ ಎಂಬುದು ಆಮಂತ್ರಣ ಪತ್ರಿಕೆಗೆ. ಬಾಯಿಗೆ ಬರುವುದು ಶುರು, ಇಲ್ಲವೇ ಚಾಲೂ.

ಬಿಜಾಪುರದ ಆದಿಲ್‌ಶಾಹಿಗಳು, ಸವಣೂರಿನ ನವಾಬರು ಆಳಿದ ಸೀಮೆ ಇದು. ಜಮೀನು, ಫಸಲು, ಕೊನೆಗೆ ರೈತ ಎಂಬ ಪದವೂ ಅರಬ್ಬಿ, ಫಾರ್ಸಿಗಳಿಂದ ಬಂದು ನಮ್ಮದಾಗಿದೆ. ಶುರು ಕೂಡ ಅರಬ್ಬಿಯದೇ. ಆ ಭಾಷೆಯಲ್ಲಿ ಅದರ ಬೇರು ಮೂರು ವ್ಯಂಜನಗಳು: ಶ, ರ, ಮತ್ತು ಗಂಟಲಾಳದಿಂದ ಹೊರಡುವ, ಕನ್ನಡದಲ್ಲಿ ಅಕ್ಷರವೇ ಇಲ್ಲದ ‘ಐನ್’. ಈ ಬೇರಿನ ಹಳೆಯ ಅರ್ಥಗಳಲ್ಲೊಂದು, ಜಾನುವಾರು ನೀರಿಗಿಳಿದು ಬಾಯಿಟ್ಟು ಕುಡಿಯುವುದು. ನೀರಿಗೆ ಹೋಗುವ ದಾರಿ ‘ಶರೀಅ’. ಅದೇ ಪದ ಮುಂದೆ ಬಾಳಿನಲ್ಲಿ ನಡೆಯಬೇಕಾದ ದಾರಿ, ಅಂದರೆ ಧರ್ಮದ ಕಟ್ಟಳೆ ಎಂಬ ಅರ್ಥ ಪಡೆಯಿತು. ನೀರಿಗಿಳಿದ ಹಾಗೆ ಕೆಲಸಕ್ಕಿಳಿದರೆ ಅದು ಶುರು. ಗದಗದ ಪಕ್ಕದ ಲಕ್ಕುಂಡಿಯಲ್ಲಿ ಚಾಲುಕ್ಯರ ಕಾಲದ ಮೆಟ್ಟಿಲುಬಾವಿಗಳಿವೆ. ಅಲ್ಲಿ ಒಂದೊಂದೇ ಮೆಟ್ಟಿಲು ಇಳಿದವರಿಗೆ ಈ ಅರ್ಥ ಕಾಲಿಗೇ ತಿಳಿಯುತ್ತದೆ.

ಅರಬ್ಬಿಗೂ ಲ್ಯಾಟಿನ್ನಿಗೂ ನೆಂಟಸ್ತಿಕೆ ಇಲ್ಲ. ಆದರೂ ಲ್ಯಾಟಿನ್ನಿನಲ್ಲಿ ಶುರುವಿಗೆ ಇರುವ ‘ಇನಿಶಿಯಂ’ ಎಂಬ ಪದ ಹುಟ್ಟಿದ್ದು ‘ಒಳಗೆ ಹೋಗು’ ಎಂಬ ಕ್ರಿಯಾಪದದಿಂದ. ನಮ್ಮ ಹೆಸರಿನ ಹಿಂದೆ ಬರೆಯುವ ಇನಿಶಿಯಲ್ಲಿನ ಮೂಲವೂ ಅದೇ. ಶುರು ಎಂಬುದಕ್ಕೆ ಬಣ್ಣವಿಲ್ಲ, ಆಕಾರವಿಲ್ಲ. ಹಾಗಾಗಿ ಭಾಷೆ ಮೈ ಬಲ್ಲ ಕೆಲಸವೊಂದನ್ನು ಎತ್ತಿಕೊಂಡು ಅದಕ್ಕೆ ಹೆಸರಿಡುತ್ತದೆ. ಕಂಡದ್ದರಿಂದ ಕಾಣದ್ದಕ್ಕೆ ಹೀಗೆ ಅರ್ಥ ಜರುಗುವುದನ್ನು ಭಾಷಾವಿಜ್ಞಾನಿಗಳು ಲೋಕದ ಎಷ್ಟೋ ಭಾಷೆಗಳಲ್ಲಿ ಗುರುತಿಸಿದ್ದಾರೆ.

ಸಂಸ್ಕೃತ ಹಿಡಿದದ್ದು ಕಾಲಿನ ದಾರಿಯನ್ನಲ್ಲ, ಕೈಯ ದಾರಿಯನ್ನು. ‘ಆರಂಭ’ದೊಳಗಿನ ‘ರಭ್’ ಧಾತುವಿಗೆ ಹಿಡಿ ಎಂದು ಅರ್ಥ. ಕನ್ನಡದ ‘ಕೈಗೆತ್ತಿಕೊಳ್ಳು’, ‘ಕೈಹಾಕು’ ಹೇಳುವುದೂ ಇದನ್ನೇ. ಈ ಆರಂಭ ಕನ್ನಡದಲ್ಲಿ ಇನ್ನೊಂದು ಅರ್ಥ ಪಡೆಯಿತು, ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಅದು: ಬೇಸಾಯ. ಗುರುಪೂಜೆಗೆಂದು ಆರಂಭವ ಮಾಡುವೆ ಎಂದು ಬಸವಣ್ಣ 12ನೇ ಶತಮಾನದಲ್ಲಿ ಹೇಳಿದಾಗ ಅವರ ಮಾತು ಒಕ್ಕಲುತನದ್ದು. ಆ ವಚನದಲ್ಲಿ ಮುಂದೆ ಬರುವುದು ವ್ಯಾಪಾರ, ಆಮೇಲೆ ಪರಸೇವೆ. ಮೂರೂ ಹೊಟ್ಟೆಪಾಡಿನ ಕಸುಬುಗಳು, ಆದ್ದರಿಂದ ಅರ್ಥದ ಬಗ್ಗೆ ಅನುಮಾನ ಉಳಿಯುವುದಿಲ್ಲ. ‘ಆರಂಬಗಾರ’ ಅಂದರೆ ರೈತ. ಕೈಗೆತ್ತಿಕೊಳ್ಳುವ ಕೆಲಸಗಳು ನೂರಿದ್ದರೂ ಕನ್ನಡಿಗರು ನೇಗಿಲು ಹಿಡಿಯುವುದನ್ನೇ ಆರಂಭವೆಂದು ಕರೆದರು. ಈಗ ಶಾಲೆಯ ಮಕ್ಕಳಿಗೆ ಈ ಅರ್ಥ ಯಾರೂ ಹೇಳಿಕೊಡುತ್ತಿಲ್ಲ. ಹೇಳಿಕೊಡಬೇಕು.

ಹಾಗಾದರೆ ನಮ್ಮದೇ ಪದ? ತೊಡಗು ಇದೆ, ತೊಡರು, ತೊಡಕುಗಳ ಒಡಹುಟ್ಟು. ಕೆಲಸದಲ್ಲಿ ತೊಡಗಿದವನು ಅದಕ್ಕೆ ಸಿಕ್ಕಿಕೊಂಡವನೂ ಹೌದು. ಅದಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು ಮೊದಲು. ತಮಿಳಿನಲ್ಲಿ ಅದು ‘ಮುದಲ್’. ಅಲ್ಲಿ ಉ ಇದ್ದದ್ದು ಇಲ್ಲಿ ಒ ಆಗಿರುವುದು ಆಕಸ್ಮಿಕವಲ್ಲ. ಮೈಗೆ ತಮಿಳರು ‘ಉಡಲ್’ ಅನ್ನುತ್ತಾರೆ, ನಾವು ಒಡಲು. ಅವರ ‘ಉರಲ್’ ನಮ್ಮ ಒರಳು. ಮುಂದಿನ ಅಕ್ಷರದಲ್ಲಿ ಅಕಾರವಿದ್ದರೆ ತಮಿಳಿನ ಉಕಾರಕ್ಕೆ ಕನ್ನಡದಲ್ಲಿ ಒಕಾರ ಬರುತ್ತದೆ. ಇಂಥ ನಿಯಮಗಳನ್ನು ಹಿಡಿದೇ ಭಾಷಾವಿಜ್ಞಾನಿಗಳಾದ ಬರೋ ಮತ್ತು ಎಮಿನೋ 1961ರಲ್ಲಿ ದ್ರಾವಿಡ ಭಾಷೆಗಳ ನಿಷ್ಪತ್ತಿ ಕೋಶ, ಅಂದರೆ ಪದಗಳ ಮೂಲ ಹೇಳುವ ನಿಘಂಟು, ಕಟ್ಟಿದರು.

ಹಳಗನ್ನಡದಲ್ಲಿ ಮೊದಲ್ ಅಂದರೆ ಬುಡ, ಬೇರು ಎಂದೂ ಅರ್ಥವಿತ್ತು. ತೆಲುಗರಿಗೆ ಮರದ ಬುಡ ಇಂದಿಗೂ ‘ಮೊದಲು’. ದುಡ್ಡಿನ ವ್ಯವಹಾರಕ್ಕೂ ಆ ಬುಡವೇ ಬಂದಿದೆ: ಹಾಕಿದ ಬಂಡವಾಳ ಮೊದಲು, ಅದರ ಮೇಲೆ ಚಿಗುರಿದ್ದು ಬಡ್ಡಿ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಮೊದಲೂ ಗಿಟ್ಟಲಿಲ್ಲ ಎಂದು ರೈತ ಹೇಳಿದರೆ, ಹೋದದ್ದು ಲಾಭವಷ್ಟೇ ಅಲ್ಲ, ಬುಡ.