ಸಣ್ಣ ಗುಂಡು, ದೂರದ ಗುರಿ: ಅಮೆರಿಕದ ಬಯಲಿನಲ್ಲಿ ತೋಟೆಯ ಆಯ್ಕೆ ಬದಲಾದ ಬಗೆ

ಅಮೆರಿಕದ ಸೌತ್ ಡಕೋಟ, ವಯೋಮಿಂಗ್, ಮೊಂಟಾನಾ ಕಡೆ ದನ ಸಾಕುವವರಿಗೆ ಪ್ರೇರಿ ಡಾಗ್ ಅಂದರೆ ತಲೆನೋವು. ಹೆಸರಲ್ಲಿ ನಾಯಿ ಇದ್ದರೂ ಇದು ಅಳಿಲಿನ ಕುಲಕ್ಕೆ ಸೇರಿದ್ದು. ತೂಕ ಅರ್ಧ ಕಿಲೋದಿಂದ ಒಂದೂವರೆ ಕಿಲೋ ಅಷ್ಟೇ. ಬಿಲ ತೋಡಿಕೊಂಡು ನೂರಾರು ಒಟ್ಟಿಗೆ ಇರುತ್ತವೆ, ದನಗಳ ಪಾಲಿನ ಹುಲ್ಲನ್ನೂ ಮೇಯುತ್ತವೆ. ಪೂರ್ವದ ಪೆನ್ಸಿಲ್ವೇನಿಯಾ ಕಡೆ ಹೋದರೆ ಇದೇ ದೂರು ವುಡ್‌ಚಕ್ ಎಂಬ ದಪ್ಪ ಪ್ರಾಣಿಯ ಮೇಲೆ. ಇವನ್ನು ಹೊಡೆಯುವವರು ಹತ್ತಿರ ಹೋಗುವುದಿಲ್ಲ, ಹೋದರೆ ಅವು ಬಿಲ ಸೇರುತ್ತವೆ. 200, 300, ಕೆಲವೊಮ್ಮೆ 400 ಗಜ ದೂರದಲ್ಲಿ ಕೂತು ಗುರಿ ಇಡುತ್ತಾರೆ. ಇದಕ್ಕೆ ಯಾವ ತೋಟೆ ಒಳ್ಳೆಯದು ಎಂಬ ವಾದ ಅಲ್ಲಿ ಹತ್ತಿರಹತ್ತಿರ ನೂರು ವರ್ಷದಿಂದ ನಡೆಯುತ್ತಿದೆ.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಗೆ ತಡೆ ಬಿತ್ತು. ತೋಟೆ ಕೋವಿ ನೋಡಿ ಬೆಳೆದ ಮಲೆನಾಡಿನವರಿಗೂ ಈ ಲೆಕ್ಕಾಚಾರ ಹೊಸದೇ. ಆ ಕೋವಿಯಿಂದ ಚರೆ (ಸಣ್ಣ ಸಣ್ಣ ಕಾಳು) ಹಾರುತ್ತದೆ, ಅದರ ಆಟ ಮೂವತ್ತು ನಲವತ್ತು ಗಜದ ಒಳಗೆ ಮುಗಿಯುತ್ತದೆ. ಇಲ್ಲಿ ಮಾತಾಡುತ್ತಿರುವುದು ಮೂರು ಗ್ರಾಂ ತೂಗುವ ಒಂದೇ ಗುಂಡು ಅದರ ಹತ್ತು ಪಟ್ಟು ದೂರ ಹೋಗಿ, ಅಂಗೈ ಅಗಲದ ಗುರಿಗೆ ಬೀಳುವ ವಿಚಾರ.

ಕಥೆ ಶುರುವಾಗುವುದು 1920ರ ದಶಕದಲ್ಲಿ, ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಸೇನಾ ಕಾರ್ಖಾನೆಯ ಸುತ್ತ. ಟೌನ್ಸೆಂಡ್ ವೇಲನ್, ಗ್ರೋವ್ನರ್ ವಾಟ್ಕಿನ್ಸ್ ಮುಂತಾದ ಕೋವಿ ಹುಚ್ಚಿನವರು 1885ರ ಹಳೇ ಕರಿಮದ್ದಿನ ತೋಟೆಯೊಂದನ್ನು ಹಿಡಿದು, ಅದಕ್ಕೆ ಹೊಗೆರಹಿತ ಮದ್ದು ತುಂಬಿ ನೋಡಿದರು. ಹೀಗೆ ಹುಟ್ಟಿದ್ದು .22 ಹಾರ್ನೆಟ್. (ಇಂಥ ಹೆಸರುಗಳ ಮೊದಲ ಅಂಕಿ ಹೆಚ್ಚುಕಡಿಮೆ ಗುಂಡಿನ ಅಗಲ, ಇಂಚಿನ ಲೆಕ್ಕದಲ್ಲಿ.) 1930ರಲ್ಲಿ ವಿಂಚೆಸ್ಟರ್ ಕಂಪನಿ ಈ ತೋಟೆಯನ್ನು ಮಾರುಕಟ್ಟೆಗೆ ತಂದಿತು. ತಮಾಷೆ ಏನೆಂದರೆ, ತೋಟೆ ಬಂದಾಗ ಅದನ್ನು ಹಾರಿಸುವ ರೈಫಲ್ಲೇ ಅಂಗಡಿಯಲ್ಲಿ ಇರಲಿಲ್ಲ!

ಹಾರ್ನೆಟ್‌ನ ಸದ್ದು ಕಡಿಮೆ, ಹಿಂದೊದೆತ ಇಲ್ಲವೇ ಇಲ್ಲ ಅನ್ನಬಹುದು. ತೆಳು ತಾಮ್ರದ ಹೊದಿಕೆಯ ಸೀಸದ ಗುಂಡು ನೆಲಕ್ಕೆ ತಾಗಿದರೆ ಚೂರುಚೂರಾಗುತ್ತಿತ್ತು. ಪುಟಿದು ಪಕ್ಕದ ಹೊಲಕ್ಕೆ ಹಾರುವ ಭಯ ಕಡಿಮೆಯಾಯಿತು. ಮನೆ, ದನದ ಕೊಟ್ಟಿಗೆ, ಜನ ಎಲ್ಲ ಹತ್ತಿರ ಇರುವ ಪೂರ್ವದ ರೈತರಿಗೆ ಇದೇ ದೊಡ್ಡ ವಿಷಯ. ಹಗುರವಾದ, ಒಡೆಯುವ, ವೇಗದ ಗುಂಡೇ ಬೇಕು ಎಂಬ ನಂಬಿಕೆಗೆ ಬುನಾದಿ ಬಿದ್ದದ್ದು ಇಲ್ಲಿ. ಆದರೆ 175 ಗಜ ದಾಟಿದರೆ ಹಾರ್ನೆಟ್ ಸುಸ್ತು.

ಹಾಗಾದರೆ ಇನ್ನೂ ವೇಗ ಕೊಡೋಣ ಎಂದರು. 1935ರಲ್ಲಿ ವಿಂಚೆಸ್ಟರ್ .220 ಸ್ವಿಫ್ಟ್ ತಂದಿತು. ಅಮೆರಿಕದ ನೌಕಾಪಡೆ ಹಿಂದೆ ಬಳಸುತ್ತಿದ್ದ 6 ಮಿ.ಮೀ. ಲೀ ತೋಟೆಯ ಹಿತ್ತಾಳೆ ಕೋಶಕ್ಕೆ (ಮದ್ದು ತುಂಬುವ ಕೊಳವೆ) ಕುತ್ತಿಗೆ, ಅಂದರೆ ಗುಂಡು ಕೂರುವ ಬಾಯಿ, ಕಿರಿದು ಮಾಡಿ, 48 ಗ್ರೇನ್ ಅಂದರೆ ಸುಮಾರು 3.1 ಗ್ರಾಂ ಗುಂಡು ಕೂರಿಸಿದರು. ವೇಗ ಸೆಕೆಂಡಿಗೆ 4,110 ಅಡಿ. ಶಬ್ದದ ವೇಗಕ್ಕಿಂತ ಮೂರೂವರೆ ಪಟ್ಟು ಜಾಸ್ತಿ. ಆ ಕಾಲಕ್ಕೆ ಇದು ನಂಬಲಾಗದ ಅಂಕಿ. ಗುರಿಗಿಂತ ಎಷ್ಟು ಮೇಲೆ ಹಿಡಿಯಬೇಕು ಎಂಬ ತಲೆಬಿಸಿ 300 ಗಜದವರೆಗೂ ಹೆಚ್ಚುಕಡಿಮೆ ಇಲ್ಲದಂತಾಯಿತು.

ಅದಕ್ಕೆ ಬೆಲೆಯೂ ತೆರಬೇಕಾಯಿತು. ಅಷ್ಟು ಮದ್ದು ಅಷ್ಟು ಕಿರಿದಾದ ನಳಿಕೆಯಲ್ಲಿ ಉರಿದರೆ ನಳಿಕೆಯ ಬುಡ ಸವೆಯುತ್ತದೆ. ಪ್ರೇರಿ ಡಾಗ್ ಬೇಟೆಯಲ್ಲಂತೂ ಒಂದಾದ ಮೇಲೊಂದು ಗುಂಡು ಹಾರಿಸುತ್ತಲೇ ಇರುತ್ತಾರೆ, ನಳಿಕೆಗೆ ಆರಲು ಬಿಡುವೇ ಸಿಗುವುದಿಲ್ಲ. ಸ್ವಿಫ್ಟ್‌ಗೆ 'ನಳಿಕೆ ತಿನ್ನುವ ತೋಟೆ' ಎಂಬ ಕೆಟ್ಟ ಹೆಸರು ಬಂತು. ಸ್ವಲ್ಪ ಅತಿಯಾಗಿಯೇ ಬಂತು ಅನ್ನಬೇಕು. ನಿಧಾನವಾಗಿ ಹೊಡೆದು ನಳಿಕೆ ಆರಲು ಬಿಟ್ಟವರಿಗೆ ಅದು ಚೆನ್ನಾಗಿಯೇ ಬಾಳಿತು.

ಇದರ ಪಕ್ಕದಲ್ಲೇ ಇನ್ನೊಂದು ತೋಟೆ ಸದ್ದಿಲ್ಲದೆ ಬೆಳೆಯುತ್ತಿತ್ತು. 1915ರಲ್ಲಿ ಚಾರ್ಲ್ಸ್ ನ್ಯೂಟನ್ ಸ್ಯಾವೇಜ್ ಕಂಪನಿಗೆ ಮಾಡಿಕೊಟ್ಟ .250-3000 ತೋಟೆಯ ಕುತ್ತಿಗೆ ಕಿರಿದು ಮಾಡಿದರೆ ಸ್ವಿಫ್ಟ್‌ಗೆ ಸಮೀಪದ ವೇಗ ಸಿಗುತ್ತದೆ ಎಂದು ಹವ್ಯಾಸಿಗಳು ಕಂಡುಕೊಂಡರು. ಅದೇ .22-250. ಸುಮಾರು ಮೂರು ದಶಕ ಇದಕ್ಕೆ ಕಂಪನಿಯ ತೋಟೆಯೇ ಇರಲಿಲ್ಲ. ಬೇಕಾದವರು ಮನೆಯಲ್ಲೇ ಕೂತು ಮಾಡಿಕೊಳ್ಳುತ್ತಿದ್ದರು. 1963ರಲ್ಲಿ ಬ್ರೌನಿಂಗ್ ಕಂಪನಿ ಧೈರ್ಯ ಮಾಡಿ ಇದಕ್ಕೆ ರೈಫಲ್ ಮಾರಿತು. 1965ರಲ್ಲಿ ರೆಮಿಂಗ್ಟನ್ ತೋಟೆಯನ್ನೂ ತಯಾರಿಸಿತು. ಅದಕ್ಕೆ ಒಂದು ವರ್ಷ ಮೊದಲು ವಿಂಚೆಸ್ಟರ್ ಸ್ವಿಫ್ಟ್‌ನ ಜಾಗಕ್ಕೆ .225 ಎಂಬ ಹೊಸದನ್ನು ತಂದಿತ್ತು. ಅದು ನೆಲಕಚ್ಚಿತು. ಜನ ಮನೆಯಲ್ಲಿ ಮೂವತ್ತು ವರ್ಷ ಪರೀಕ್ಷೆ ಮಾಡಿ ಒಪ್ಪಿದ್ದರ ಮುಂದೆ ಕಂಪನಿಯ ಜಾಹೀರಾತು ನಡೆಯುತ್ತದಾ?

ಇನ್ನು .223 ಗೆದ್ದದ್ದು ಬೇರೆಯೇ ದಾರಿಯಲ್ಲಿ. 1950ರಲ್ಲಿ ರೆಮಿಂಗ್ಟನ್‌ನ ಮೈಕ್ ವಾಕರ್ ರೂಪಿಸಿದ .222 ನಿಖರತೆಗೆ ಹೆಸರಾಗಿತ್ತು. ಗುರಿ ಸ್ಪರ್ಧೆಗಳಲ್ಲಿ ವರ್ಷಗಟ್ಟಲೆ ಅದರದೇ ದರ್ಬಾರು. ಅದನ್ನೇ ತುಸು ಉದ್ದ ಮಾಡಿ ಸೇನೆಗೆಂದು ತಯಾರಿಸಿದ್ದು .223, 1964ರಲ್ಲಿ ಸಾರ್ವಜನಿಕರಿಗೂ ಸಿಕ್ಕಿತು. .222ಕ್ಕಿಂತ ಭಾರೀ ಉತ್ತಮವೇನಲ್ಲ. ಆದರೆ ಸೇನೆ ಬಳಸಿದ, ಮತ್ತೆ ಮದ್ದು ಗುಂಡು ತುಂಬಬಹುದಾದ ಹಿತ್ತಾಳೆ ಕೋಶಗಳು ರಾಶಿ ರಾಶಿಯಾಗಿ ಅಗ್ಗಕ್ಕೆ ಸಿಗತೊಡಗಿದವು. ಒಂದೇ ದಿನ ನೂರಾರು ಗುಂಡು ಹಾರಿಸುವವನು ಮೊದಲು ನೋಡುವುದು ಜೇಬು ತಾನೇ. .222 ಹಿಂದೆ ಸರಿಯಿತು.

ಇಷ್ಟೂ ವರ್ಷ ಎಲ್ಲರೂ ತೋಟೆಯನ್ನೇ ನೋಡುತ್ತಿದ್ದರು. ನನ್ನ ಪ್ರಕಾರ ನೋಡಬೇಕಿದ್ದದ್ದು ನಳಿಕೆಯನ್ನು. ರೈಫಲ್ ನಳಿಕೆಯ ಒಳಗೆ ಸುರುಳಿ ಗೆರೆಗಳಿರುತ್ತವೆ, ಅವು ಗುಂಡನ್ನು ಗಿರ್ರನೆ ತಿರುಗಿಸುತ್ತವೆ. ಎಷ್ಟು ಇಂಚಿಗೆ ಒಂದು ಸುತ್ತು ಎಂಬುದೇ ಟ್ವಿಸ್ಟ್. ಗುಂಡು ಉದ್ದವಾದಷ್ಟೂ ಜೋರಾಗಿ ತಿರುಗಬೇಕು. ಇಲ್ಲದಿದ್ದರೆ ಸೋತ ಬುಗುರಿಯ ಹಾಗೆ ತೂರಾಡಿ ಅಡ್ಡ ಬೀಳುತ್ತದೆ. ಸ್ವಿಫ್ಟ್, .22-250 ರೈಫಲ್‌ಗಳಿಗೆ ವಾಡಿಕೆಯಾಗಿ 14 ಇಂಚಿಗೆ ಒಂದು ಸುತ್ತು. 55 ಗ್ರೇನ್‌ವರೆಗಿನ ಗಿಡ್ಡ ಗುಂಡಿಗೆ ಸಾಕು. 75 ಗ್ರೇನ್ ಉದ್ದದ ಗುಂಡು ಹಾಕಿದರೆ ಕೆಲಸ ಕೆಟ್ಟಿತು.

ಟ್ವಿಸ್ಟ್ ತಪ್ಪಿದರೆ ಏನಾಗುತ್ತದೆ ಎಂಬುದು 1955ರಲ್ಲೇ ಗೊತ್ತಾಗಿತ್ತು. ಆ ವರ್ಷ ವಿಂಚೆಸ್ಟರ್ .243, ರೆಮಿಂಗ್ಟನ್ .244 ತಂದವು. ಎರಡರ ಗುಂಡಿನ ಅಗಲವೂ ಒಂದೇ. ರೆಮಿಂಗ್ಟನ್‌ನವರು ಇದು ಪ್ರೇರಿ ಡಾಗ್, ವುಡ್‌ಚಕ್‌ಗೆ ಎಂದುಕೊಂಡು 12 ಇಂಚಿಗೆ ಒಂದು ಸುತ್ತು ಕೊಟ್ಟರು. ವಿಂಚೆಸ್ಟರ್ 10 ಇಂಚಿಗೆ ಕೊಟ್ಟಿತು, ಹಾಗಾಗಿ ಜಿಂಕೆಗೆ ಬೇಕಾದ 100 ಗ್ರೇನ್ ಗುಂಡೂ ನಡೆಯಿತು. ಒಂದೇ ರೈಫಲ್‌ನಲ್ಲಿ ಎರಡೂ ಕೆಲಸ ಆಗುವಾಗ ಯಾರು ಬಿಡುತ್ತಾರೆ? .243 ಇವತ್ತಿಗೂ ಎಲ್ಲ ಅಂಗಡಿಯಲ್ಲಿ ಸಿಗುತ್ತದೆ. ರೆಮಿಂಗ್ಟನ್ 1963ರಲ್ಲಿ 9 ಇಂಚಿನ ಟ್ವಿಸ್ಟ್ ಕೊಟ್ಟು, ಅದೇ ತೋಟೆಗೆ 6 ಮಿ.ಮೀ. ರೆಮಿಂಗ್ಟನ್ ಎಂದು ಹೊಸ ಹೆಸರಿಟ್ಟಿತು. ಅಷ್ಟು ಹೊತ್ತಿಗೆ ಗಿರಾಕಿ ಕೈತಪ್ಪಿದ್ದ.

ಪಾಠ ಕಣ್ಣೆದುರು ಇದ್ದರೂ ವೇಗದ ಹುಚ್ಚು ಬಿಡಲಿಲ್ಲ. 1971ರಲ್ಲಿ .17 ರೆಮಿಂಗ್ಟನ್, 25 ಗ್ರೇನ್ ಗುಂಡು. 2004ರಲ್ಲಿ .204 ರೂಗರ್, 32 ಗ್ರೇನ್ ಗುಂಡಿಗೆ ಸೆಕೆಂಡಿಗೆ 4,225 ಅಡಿ. 250 ಗಜದೊಳಗೆ .204 ಸೊಗಸಾದ ತೋಟೆ, ಹಿಂದೊದೆತ ಇಲ್ಲದ ಕಾರಣ ಗುಂಡು ಬಿದ್ದದ್ದನ್ನು ಸ್ಕೋಪ್‌ನಲ್ಲೇ (ರೈಫಲ್ ಮೇಲಿನ ದುರ್ಬೀನು) ನೋಡಬಹುದು. ಅದಕ್ಕೂ ಆಚೆ ಹೋದರೆ ಗಾಳಿಯದೇ ಆಟ.

ಬಯಲಿನಲ್ಲಿ ಗಾಳಿ ಇಲ್ಲದ ದಿನ ಅಪರೂಪ. ಗಂಟೆಗೆ 16 ಕಿ.ಮೀ. ಅಡ್ಡಗಾಳಿ ಇದ್ದರೆ, .22-250ರ 55 ಗ್ರೇನ್ ಗುಂಡು 400 ಗಜ ಮುಟ್ಟುವಾಗ ಸುಮಾರು 17 ಇಂಚು ಪಕ್ಕಕ್ಕೆ ಸರಿದಿರುತ್ತದೆ. ನಿಂತ ಪ್ರೇರಿ ಡಾಗ್‌ನ ಅಗಲ ನಾಲ್ಕು ಇಂಚು. ಅದೇ ಅಗಲದ, ಆದರೆ ಉದ್ದವಾದ 88 ಗ್ರೇನ್ ಗುಂಡು ಸೆಕೆಂಡಿಗೆ 2,800 ಅಡಿ ವೇಗದಲ್ಲಿ ಹೊರಟರೂ ಸರಿಯುವುದು 11 ಇಂಚಿನ ಆಸುಪಾಸು. ಹೊರಟದ್ದು ನಿಧಾನ, ತಲುಪಿದ್ದು ತಡ, ಆದರೂ ಗಾಳಿಗೆ ಸಿಕ್ಕಿದ್ದು ಕಡಿಮೆ. ಕಾರಣ, ಉದ್ದ ಗುಂಡು ದಾರಿಯಲ್ಲಿ ವೇಗ ಕಳೆದುಕೊಳ್ಳುವುದು ಕಮ್ಮಿ. ಗಾಳಿ ಎಷ್ಟು ತಳ್ಳುತ್ತದೆ ಎಂಬುದು ಆ ನಷ್ಟದ ಮೇಲೆ ನಿಂತಿದೆ.

ಇದನ್ನು ಮೊದಲು ಮನಗಂಡವರು ಸ್ಪರ್ಧೆಗೆ ಗುರಿ ಹೊಡೆಯುವವರು. ಅವರಿಂದ ಬೇಟೆಗಾರರಿಗೆ ಹರಡಿತು. 12 ಇಂಚಿದ್ದ .223ರ ಟ್ವಿಸ್ಟ್ 9ಕ್ಕೆ, 8ಕ್ಕೆ, 7ಕ್ಕೆ ಇಳಿಯಿತು. 2018ರಲ್ಲಿ ಫೆಡರಲ್ ಕಂಪನಿಯ .224 ವಾಲ್ಕಿರಿ 90 ಗ್ರೇನ್ ಗುಂಡನ್ನೇ ಮುಂದಿಟ್ಟುಕೊಂಡು ಬಂತು. 2024ರಲ್ಲಿ ಹಾರ್ನಡಿಯ 22 ಎಆರ್‌ಸಿ ಬಂತು, ಅದಕ್ಕೂ 7 ಇಂಚಿನ ಟ್ವಿಸ್ಟ್. ಹಾಗಂತ ಎಲ್ಲರೂ ಇದಕ್ಕೆ ಓಡಬೇಕಿಲ್ಲ. 300 ಗಜದೊಳಗೆ ಹೊಡೆಯುವವನಿಗೆ ಹಳೇ .223 ಸಾಕು. ಅಗ್ಗ, ನಳಿಕೆಯೂ ಬಾಳುತ್ತದೆ.

ಕೊನೆಗೆ ಸೀಸದ ವಿಷಯ. ಚೂರಾಗುವ ಗುಂಡು ಪುಟಿಯುವುದಿಲ್ಲ ಎಂದೆವಲ್ಲ, ಆ ಚೂರುಗಳು ಸತ್ತ ಪ್ರಾಣಿಯ ಮೈಯಲ್ಲೇ ಉಳಿಯುತ್ತವೆ. ಹೊಡೆದವರು ಪ್ರೇರಿ ಡಾಗ್‌ಗಳನ್ನು ಸಾಮಾನ್ಯವಾಗಿ ಅಲ್ಲೇ ಬಿಟ್ಟುಹೋಗುತ್ತಾರೆ. ಹದ್ದು, ಗಿಡುಗಗಳು ತಿನ್ನುತ್ತವೆ, ವಿಷವಾದ ಸೀಸ ಅವುಗಳ ಹೊಟ್ಟೆಗೆ ಹೋಗುತ್ತದೆ. ಕ್ಯಾಲಿಫೋರ್ನಿಯಾ 2013ರಲ್ಲಿ ಕಾನೂನು ಮಾಡಿ, 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನೇ ಪೂರ್ತಿ ನಿಲ್ಲಿಸಿತು. ಸೀಸದ ಬದಲು ಸಾಮಾನ್ಯವಾಗಿ ತಾಮ್ರದ ಗುಂಡು ಬಳಸಬೇಕು. ತಾಮ್ರ ಸೀಸಕ್ಕಿಂತ ಹಗುರ, ಅಷ್ಟೇ ತೂಕಕ್ಕೆ ಗುಂಡು ಉದ್ದವಾಗಬೇಕು. ಮತ್ತೆ ಟ್ವಿಸ್ಟ್ ಪ್ರಶ್ನೆಯೇ ಬಂತು. 14 ಇಂಚಿನ ಹಳೇ ರೈಫಲ್ ಇಟ್ಟುಕೊಂಡವರು ಅಲ್ಲಿ 36 ಗ್ರೇನ್‌ನಂಥ ಹಗುರ ಗುಂಡಿಗೆ ಇಳಿಯಬೇಕು, ಇಲ್ಲವೇ ನಳಿಕೆ ಬದಲಿಸಬೇಕು. ಡಕೋಟ, ವಯೋಮಿಂಗ್‌ಗಳಲ್ಲಿ ಇಂಥ ಕಾನೂನು ಇಲ್ಲ. ಸೀಸ ಇಲ್ಲದ ಗುಂಡಿಗೆ ದುಡ್ಡು ಜಾಸ್ತಿ, ಹಾಗಾಗಿ ಅಲ್ಲಿ ಈಗಲೂ ಸೀಸದ್ದೇ ಓಡುತ್ತಿದೆ.